ರಿಪೋರ್ಟಿನಲ್ಲಿ ಸಿಗದ ಹೊಟ್ಟೆನೋವು

ದುಬೈ, ಶಾರ್ಜಾ, ಅಬುಧಾಬಿಯಲ್ಲಿ ದುಡಿಯುವ ನಮ್ಮವರು ರಜೆಗೆ ಊರಿಗೆ ಬಂದರೆ ಮುಗಿಸಬೇಕಾದ ಕೆಲಸಗಳು ಹಲವು. ಮನೆಯ ಹಂಚು ಕೈಯಾಡಿಸಬೇಕು, ಬ್ಯಾಂಕಿಗೆ ಹೋಗಬೇಕು, ಹೇಳಿಕೊಂಡ ಹರಕೆ ತೀರಿಸಬೇಕು, ನೆಂಟರ ಮದುವೆಗಳಿಗೆ ಮುಖ ತೋರಿಸಬೇಕು. ಇವುಗಳ ನಡುವೆ ಒಂದು ದಿನ ಹೊಟ್ಟೆಗೂ ಮೀಸಲು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮಂಗಳೂರಿಗೋ ಉಡುಪಿಗೋ ಹೋಗಿ ರಕ್ತಪರೀಕ್ಷೆ, ಸ್ಕ್ಯಾನಿಂಗ್, ಎಂಡೋಸ್ಕೋಪಿ ಮಾಡಿಸಿಕೊಳ್ಳುತ್ತಾರೆ. ಸಂಜೆ ರಿಪೋರ್ಟ್ ಕೈಗೆ ಬರುತ್ತದೆ: ಎಲ್ಲ ನಾರ್ಮಲ್. 'ಏನೂ ಇಲ್ಲ, ಸ್ವಲ್ಪ ಗ್ಯಾಸ್ ಅಷ್ಟೆ, ಟೆನ್ಶನ್ ಮಾಡ್ಕೊಬೇಡಿ' ಎಂಬ ಮಾತಿನೊಂದಿಗೆ ಒಂದು ಚೀಟಿ. ಊರಿನಲ್ಲಿರುವಷ್ಟು ದಿನ ಹೊಟ್ಟೆಯೂ ತಕ್ಕಮಟ್ಟಿಗೆ ಸುಮ್ಮನಿರುತ್ತದೆ. ವಿಮಾನ ಹತ್ತಿ, ದುಬೈಯ ಕರಾಮದ ರೂಮು ಸೇರಿ ವಾರ ಎರಡು ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಕಥೆ. ತಿಂದ ಕೂಡಲೇ ಹೊಟ್ಟೆ ಉಬ್ಬರ, ಕೆಳಹೊಟ್ಟೆಯಲ್ಲಿ ಹಿಂಡುವ ನೋವು. ಮೂರು ದಿನ ಬಿಗಿದುಕೊಂಡಿದ್ದ ಹೊಟ್ಟೆ ನಾಲ್ಕನೆಯ ದಿನ ನಾಲ್ಕು ಸಲ ಓಡಿಸುತ್ತದೆ. ಹೋಗಿ ಬಂದರೂ ಪೂರ್ತಿ ಆಗಲಿಲ್ಲ ಎಂಬ ಕಿರಿಕಿರಿ.

ಇದಕ್ಕೆ ವೈದ್ಯರು ಇಟ್ಟಿರುವ ಹೆಸರು ಇರಿಟಬಲ್ ಬವೆಲ್ ಸಿಂಡ್ರೋಮ್, ಚಿಕ್ಕದಾಗಿ ಐಬಿಎಸ್. 'ಏನೂ ಇಲ್ಲ' ಎಂಬ ಸಮಾಧಾನದ ಮಾತು ಈ ಕಾಯಿಲೆಯವರಿಗೆ ಮಾಡಿದಷ್ಟು ಅನ್ಯಾಯವನ್ನು ಕಾಯಿಲೆಯೇ ಮಾಡಿಲ್ಲ ಎಂದು ನನಗೆ ಅನ್ನಿಸುತ್ತದೆ. ಯಾಕೆಂದರೆ ಏನೋ ಇದೆ. ಅದು ಎಂಡೋಸ್ಕೋಪಿಯ ಕ್ಯಾಮೆರಾಕ್ಕೆ ಕಾಣುವಂಥದ್ದಲ್ಲ. ಹುಣ್ಣು, ಗಡ್ಡೆ, ಊತ ಇಲ್ಲದೆ ಕರುಳಿನ ಕೆಲಸ ಮಾತ್ರ ಹದ ತಪ್ಪುವ ಕಾಯಿಲೆ ಇದು. ಕಾಣದ್ದಕ್ಕೆ ಹೆಸರಿಲ್ಲ ಎಂದುಕೊಂಡ ರೋಗಿ ಇನ್ನೊಬ್ಬ ಡಾಕ್ಟರನ್ನು, ಇನ್ನೊಂದು ಸ್ಕ್ಯಾನನ್ನು ಹುಡುಕಿಕೊಂಡು ಹೋಗುತ್ತಾನೆ. ಒಳಗೊಳಗೇ ಕ್ಯಾನ್ಸರ್ ಇರಬಹುದೇ ಎಂದು ಹೆದರುತ್ತಾನೆ. ಆ ಹೆದರಿಕೆ ಹೊಟ್ಟೆಯನ್ನು ಮತ್ತಷ್ಟು ಕೆಡಿಸುತ್ತದೆ.

ಐಬಿಎಸ್ ಅನ್ನು ಗುರುತಿಸಲು ಒಂದು ಒಪ್ಪಿತ ಅಳತೆ ಇದೆ. ಜಗತ್ತಿನ ಕರುಳುತಜ್ಞರು ಸೇರಿ 2016ರಲ್ಲಿ ಪ್ರಕಟಿಸಿದ ರೋಮ್ 4 ಮಾನದಂಡದ ಪ್ರಕಾರ, ಕಳೆದ 3 ತಿಂಗಳಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಇರಬೇಕು. ತೊಂದರೆ ಶುರುವಾಗಿ ಕನಿಷ್ಠ 6 ತಿಂಗಳಾಗಿರಬೇಕು. ನೋವಿಗೂ ಮಲವಿಸರ್ಜನೆಗೂ ನಂಟಿರುವುದು, ದಿನಕ್ಕೆ ಎಷ್ಟು ಸಲ ಹೋಗುತ್ತೇವೆ ಎಂಬುದು ಬದಲಾಗಿರುವುದು, ಮಲದ ರೂಪ ಬದಲಾಗಿರುವುದು, ಈ ಮೂರರಲ್ಲಿ ಎರಡಾದರೂ ಕಾಣಬೇಕು. ಮಲದ ರೂಪಕ್ಕೂ ಒಂದು ಚಿತ್ರಪಟ್ಟಿ ಇದೆ. ಇಂಗ್ಲೆಂಡಿನ ಬ್ರಿಸ್ಟಲ್‌ನ ವೈದ್ಯರು 1997ರಲ್ಲಿ ಪ್ರಕಟಿಸಿದ ಅದರಲ್ಲಿ ಗಟ್ಟಿ ಉಂಡೆಯಿಂದ ನೀರಿನವರೆಗೆ 7 ಬಗೆ. ಅದನ್ನು ನೋಡಿ 'ನನ್ನದು ಇಷ್ಟನೆಯ ನಂಬರ್' ಎಂದು ಹೇಳುವುದು, ಡಾಕ್ಟರ ಮುಂದೆ ಬಾಯಿ ಬಿಟ್ಟು ವಿವರಿಸಲು ನಾಚುವ ನಮ್ಮಂಥವರಿಗೆ ದೊಡ್ಡ ಅನುಕೂಲ. ಕೆಲವರಿಗೆ ಮಲಬದ್ಧತೆ ಮುಖ್ಯ, ಕೆಲವರಿಗೆ ಭೇದಿ ಮುಖ್ಯ, ಕೆಲವರಿಗೆ ಎರಡೂ ಸರದಿಯ ಮೇಲೆ. ಔಷಧ ಇದನ್ನು ನೋಡಿಕೊಂಡೇ ಬದಲಾಗುತ್ತದೆ. ಹಾಗಾಗಿ ಪಕ್ಕದ ಬೆಡ್ಡಿನವನಿಗೆ ಹಿಡಿಸಿದ ಮಾತ್ರೆ ನಿಮಗೆ ಹಿಡಿಸಬೇಕೆಂದಿಲ್ಲ, ತಿರುಗಿಬೀಳಲೂಬಹುದು.

ಇದು ಅಪರೂಪದ ಕಾಯಿಲೆಯೂ ಅಲ್ಲ. ಭಾರತೀಯ ಗ್ಯಾಸ್ಟ್ರೋಎಂಟರಾಲಜಿ ಸಂಘದ ತಂಡ 2008ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಜನಸಾಮಾನ್ಯರಲ್ಲಿ ನೂರಕ್ಕೆ 4.2 ಮಂದಿಗೆ ಐಬಿಎಸ್ ಲಕ್ಷಣಗಳಿದ್ದವು. ಪಾಶ್ಚಾತ್ಯ ದೇಶಗಳಲ್ಲಿ ಹೆಂಗಸರಲ್ಲಿ ಹೆಚ್ಚು ಎನ್ನುತ್ತಾರೆ. ನಮ್ಮಲ್ಲಿ ಆಸ್ಪತ್ರೆಗೆ ಬರುವವರಲ್ಲಿ ಗಂಡಸರೇ ಹೆಚ್ಚು. ಹೆಂಗಸರು ಹೇಳಿಕೊಳ್ಳದೆ ಸಹಿಸುತ್ತಾರೆ ಎಂಬುದೂ ಅದಕ್ಕೆ ಒಂದು ಕಾರಣವಿರಬಹುದು. ಯುಎಇಯಲ್ಲಿ 35 ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದಾರೆ. ಸಂಸಾರವನ್ನು ಊರಲ್ಲಿ ಬಿಟ್ಟು ಬಂದ ದುಡಿಯುವ ವಯಸ್ಸಿನ ಗಂಡಸರು ಅವರಲ್ಲಿ ದೊಡ್ಡ ಪಾಲು. ಅಂದರೆ ಈ ಕಾಯಿಲೆಗೆ ಒಗ್ಗುವ ವಯಸ್ಸು, ಒಗ್ಗುವ ಬದುಕು ಎರಡೂ ಇಲ್ಲಿ ಒಟ್ಟಾಗಿವೆ.

ಕರುಳು ಹೀಗೇಕೆ ಮಾಡುತ್ತದೆ? ಅನ್ನನಾಳದಿಂದ ಗುದದವರೆಗಿನ ಗೋಡೆಯೊಳಗೆ ಕೋಟಿಗಟ್ಟಲೆ ನರಕೋಶಗಳ ಒಂದು ಜಾಲವೇ ಇದೆ. ಅದು ಮಿದುಳಿನೊಂದಿಗೆ ಹಗಲಿರುಳು ಮಾತಾಡುತ್ತಿರುತ್ತದೆ. ದೇಹದಲ್ಲಿರುವ ಸೆರೊಟೋನಿನ್ ಎಂಬ ರಾಸಾಯನಿಕದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಇರುವುದು ಕರುಳಿನಲ್ಲೇ. ಆಹಾರ ಮುಂದಕ್ಕೆ ಎಷ್ಟು ಬೇಗ ಸಾಗಬೇಕು, ಯಾವುದು ನೋವು, ಯಾವುದು ಬರೀ ಒತ್ತಡ ಎಂಬುದನ್ನು ತೀರ್ಮಾನಿಸುವುದರಲ್ಲಿ ಅದರ ಪಾತ್ರವಿದೆ. ಐಬಿಎಸ್ ಇರುವವರಲ್ಲಿ ಈ ಮಾತುಕತೆ ಸಣ್ಣ ಸದ್ದನ್ನೂ ದೊಡ್ಡದು ಮಾಡಿ ಕೇಳಿಸುವ ಮೈಕಿನಂತಾಗಿರುತ್ತದೆ. 1973ರಲ್ಲಿ ಬ್ರಿಟನ್ನಿನ ರಿಚಿ ಎಂಬ ವೈದ್ಯರು ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ಚಿಕ್ಕ ಬಲೂನ್ ಇಟ್ಟು ಗಾಳಿ ತುಂಬಿ ಪರೀಕ್ಷಿಸಿದರು. 60 ಮಿಲಿಲೀಟರ್ ಗಾಳಿಗೆ ಈ ಕಾಯಿಲೆಯವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನೋವೆಂದರು. ಕಾಯಿಲೆ ಇಲ್ಲದವರಲ್ಲಿ ನೋವೆಂದವರು ನೂರಕ್ಕೆ ಆರು. ಅದೇ ಗಾಳಿ, ಅದೇ ಕರುಳು. ಬೇರೆಯಾಗಿದ್ದದ್ದು ನರಗಳ ಸೂಕ್ಷ್ಮತೆ ಮಾತ್ರ. 'ಎಲ್ಲ ನಿನ್ನ ಮನಸ್ಸಿನ ಕಲ್ಪನೆ' ಎನ್ನುವವರಿಗೆ ಕೊಡಬೇಕಾದ ಉತ್ತರ ಐವತ್ತು ವರ್ಷಗಳ ಹಿಂದೆಯೇ ಸಿಕ್ಕಿದೆ.

ಇನ್ನೊಂದು ಕಾರಣ ಹಳೆಯ ಸೋಂಕು. ಕೆನಡಾದ ವಾಕರ್ಟನ್ ಎಂಬ ಪುಟ್ಟ ಊರಿನಲ್ಲಿ 2000ದ ಮೇ ತಿಂಗಳಲ್ಲಿ ಕುಡಿಯುವ ನೀರಿಗೆ ದನದ ಸಗಣಿಯ ಬ್ಯಾಕ್ಟೀರಿಯಾ ಸೇರಿ 2,300ಕ್ಕೂ ಹೆಚ್ಚು ಜನ ವಾಂತಿಭೇದಿಯಿಂದ ನರಳಿದರು, 7 ಮಂದಿ ಸತ್ತರು. ಅಲ್ಲಿನ ವೈದ್ಯರು ಊರಿನವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ, ಆಗ ಕಾಯಿಲೆ ಬಿದ್ದವರಲ್ಲಿ ಐಬಿಎಸ್ ಕಾಣಿಸಿಕೊಂಡ ಪ್ರಮಾಣ ಉಳಿದವರಿಗಿಂತ ಬಹಳ ಹೆಚ್ಚಿತ್ತು. 8 ವರ್ಷಗಳ ಮೇಲೂ ಆ ವ್ಯತ್ಯಾಸ ಹೋಗಿರಲಿಲ್ಲ. ಜೋರು ವಾಂತಿಭೇದಿ ಆದವರಲ್ಲಿ ಹತ್ತರಲ್ಲಿ ಒಬ್ಬರಿಗೆ ಈ ಬಾಲ ಉಳಿದುಬಿಡುತ್ತದೆ ಎಂಬುದು ಈಗಿನ ಅಂದಾಜು. ಮಳೆಗಾಲದಲ್ಲಿ ಊರಿಗೆ ಹೋದಾಗ ಒಮ್ಮೆ ಭೇದಿ ಹಿಡಿಯಿತು, ಅಥವಾ ಮೆಸ್ಸಿನ ಊಟದಿಂದ ಒಮ್ಮೆ ಫುಡ್ ಪಾಯಿಸನ್ ಆಯಿತು, ಆಮೇಲೆ ಹೊಟ್ಟೆ ಮೊದಲಿನಂತಾಗಲೇ ಇಲ್ಲ ಎನ್ನುವವರ ಮಾತನ್ನು ಡಾಕ್ಟರು ಕಿವಿಗೊಟ್ಟು ಕೇಳಬೇಕು. ಅದು ರೋಗದ ಇತಿಹಾಸವೇ.

ಇನ್ನು ಇಲ್ಲಿನ ದಿನಚರಿಗೆ ಬರೋಣ. ಕೊಲ್ಲಿಯ ಐಬಿಎಸ್ ಕಥೆಯಲ್ಲಿ ಊಟದಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಬಾತ್‌ರೂಮು. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಬೆಳಗ್ಗೆ ಎದ್ದಾಗ ಮತ್ತು ತಿಂಡಿಯಾದ ಮೇಲೆ ದೊಡ್ಡ ಕರುಳು ದಿನದ ಬೇರೆ ಹೊತ್ತಿಗಿಂತ ಜೋರಾಗಿ ಕೆಲಸ ಮಾಡುತ್ತದೆ. ಶೌಚಕ್ಕೆ ಅದೇ ಪ್ರಶಸ್ತ ಗಳಿಗೆ. ಆದರೆ ಹಾಸಿಗೆಯೊಂದನ್ನಷ್ಟೇ ಬಾಡಿಗೆಗೆ ಕೊಡುವ ಬರ್ ದುಬೈಯ ಬೆಡ್ ಸ್ಪೇಸಿನಲ್ಲಿ ಎಂಟು ಹತ್ತು ಜನಕ್ಕೆ ಒಂದು ಬಾತ್‌ರೂಮ್. ಸೋನಾಪುರದ ಅಥವಾ ಮುಸಫ್ಫಾದ ಕಾರ್ಮಿಕರ ಕ್ಯಾಂಪಿನಲ್ಲಿ ಕಂಪನಿ ಬಸ್ಸು ನಸುಕಿಗೇ ಹೊರಡುತ್ತದೆ. ಹೊರಗೆ ಕಾಯುವವರು ಬಾಗಿಲು ತಟ್ಟುತ್ತಿರುವಾಗ ಯಾರಿಗೆ ಸರಿಯಾಗಿ ಆಗುತ್ತದೆ? ಬಂದ ಶೌಚವನ್ನು ತಡೆದು ತಡೆದು ಆ ಸಂಕೇತವನ್ನೇ ಕರುಳು ಮರೆಯುತ್ತಾ ಹೋಗುತ್ತದೆ. ಸೈಟಿನಲ್ಲಿ ಶೌಚಾಲಯ ದೂರವೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುವವರಿದ್ದಾರೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂಬ ಕಾನೂನು ಇಲ್ಲಿದೆ. ಅದು ಒಳ್ಳೆಯ ಕಾನೂನು. ಆದರೆ ಬೆಳಗಿನ ಆ ಹತ್ತು ನಿಮಿಷದ ನೆಮ್ಮದಿಯನ್ನು ಯಾವ ಕಾನೂನೂ ಕೊಡಲಾರದು. ಅದನ್ನು ರೂಮಿನವರೇ ಒಪ್ಪಂದ ಮಾಡಿಕೊಂಡು ಕೊಡಬೇಕು.

ಕಚೇರಿ ಕೆಲಸದವರ ಕಷ್ಟ ಬೇರೆ ಬಗೆಯದು. ಶಾರ್ಜಾದಲ್ಲಿ ಬಾಡಿಗೆ ಕಡಿಮೆಯೆಂದು ಅಲ್ಲಿ ಮನೆ ಮಾಡಿ ದುಬೈಗೆ ಕೆಲಸಕ್ಕೆ ಬರುವವರು ಅಲ್ ಇತ್ತಿಹಾದ್ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಹೊಟ್ಟೆ ತಿರುವಿದರೆ ಇಳಿಯಲು ಜಾಗವಿಲ್ಲ. ಒಮ್ಮೆ ಹಾಗಾದವರಿಗೆ ಮರುದಿನ ಕಾರು ಹತ್ತುವಾಗಲೇ ಹೊಟ್ಟೆ ಕಲಕುತ್ತದೆ. ಕ್ರಮೇಣ ದಾರಿಯ ಪೆಟ್ರೋಲ್ ಬಂಕುಗಳ ಶೌಚಾಲಯಗಳೆಲ್ಲ ಬಾಯಿಪಾಠ. ಮದುವೆ, ಸಂಘದ ಕಾರ್ಯಕ್ರಮ, ಹಬ್ಬದ ಊಟ ಎಲ್ಲಕ್ಕೂ 'ಬರಲಾಗಲಿಲ್ಲ' ಎಂಬ ಸಬೂಬು. ನರ್ಸುಗಳು, ಸೆಕ್ಯೂರಿಟಿಯವರು, ವಿಮಾನ ನಿಲ್ದಾಣದ ಸಿಬ್ಬಂದಿ ವಾರಕ್ಕೊಂದು ಪಾಳಿಯಲ್ಲಿ ಕೆಲಸ ಮಾಡುತ್ತಾರೆ. ಪಾಳಿ ಬದಲಾಗುತ್ತಿರುವ ನರ್ಸುಗಳಲ್ಲಿ ಐಬಿಎಸ್ ಹೆಚ್ಚೆಂದು ಅಮೆರಿಕದ ಮಿಶಿಗನ್‌ನಲ್ಲಿ 2010ರಲ್ಲಿ ನಡೆದ ಅಧ್ಯಯನ ತೋರಿಸಿತ್ತು. ಕರುಳಿಗೂ ತನ್ನದೇ ಗಡಿಯಾರವಿದೆ. ನಿದ್ದೆಯ ಹೊತ್ತು ಅಡಿಮೇಲಾದರೆ ಅದೂ ಅಡಿಮೇಲಾಗುತ್ತದೆ. ಇದರ ಮೇಲೆ ಊರಿನ ಸಾಲ, ವೀಸಾ ನವೀಕರಣದ ಚಿಂತೆ, ವಾಟ್ಸಾಪ್ ವೀಡಿಯೊದಲ್ಲಿ ಮಾತ್ರ ಕಾಣುವ ಮಕ್ಕಳು. ಮನಸ್ಸಿನ ಒತ್ತಡ ಐಬಿಎಸ್‌ನ ಏಕೈಕ ಕಾರಣವಲ್ಲ, ಆದರೆ ಇರುವ ಬೆಂಕಿಗೆ ಗಾಳಿ ಹಾಕುವುದಂತೂ ನಿಜ. ಊರಿಗೆ ಹೋದಾಗ ಹೊಟ್ಟೆ ಸುಮ್ಮನಾಗುವುದು ಹವೆ ನೀರಿನಿಂದ ಎಂದು ನಾವು ಹೇಳಿಕೊಳ್ಳುತ್ತೇವೆ. ಹೊತ್ತಿಗೆ ಸರಿಯಾದ ಊಟ, ನಿದ್ದೆ, ತನ್ನ ಮನೆಯ ಶೌಚಾಲಯ, ಪಕ್ಕದಲ್ಲಿ ಮನೆಯವರು, ಇವೂ ಆ ಹವೆ ನೀರಿನೊಳಗೆ ಸೇರಿವೆ.

ಊಟದ ವಿಷಯಕ್ಕೆ ಬಂದರೆ, ಹೆಚ್ಚಿನವರು ದೂರುವುದು ಖಾರವನ್ನು. ಖಾರ ಕೆಲವರಿಗೆ ಆಗುವುದಿಲ್ಲ, ನಿಜ. ಆದರೆ ಹೆಚ್ಚು ತೊಂದರೆ ಕೊಡುವವು ಬೇರೆ. ಕೆಲವು ಬಗೆಯ ಸಕ್ಕರೆ ಮತ್ತು ಶರ್ಕರಪಿಷ್ಟಗಳು ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಲ್ಪಡುವುದಿಲ್ಲ. ಅವು ನೀರನ್ನು ಎಳೆದುಕೊಂಡು ದೊಡ್ಡ ಕರುಳಿಗೆ ಇಳಿಯುತ್ತವೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅವನ್ನು ಹುಳಿಸಿ ಗ್ಯಾಸ್ ಮಾಡುತ್ತವೆ. ಎಲ್ಲರಿಗೂ ಹೀಗೇ ಆಗುತ್ತದೆ, ಸೂಕ್ಷ್ಮ ಕರುಳಿನವರಿಗೆ ಮಾತ್ರ ನೋಯುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದ ಪೀಟರ್ ಗಿಬ್ಸನ್ ಮತ್ತು ಸ್ಯೂ ಶೆಪರ್ಡ್ ಇವೆಲ್ಲವನ್ನೂ ಒಟ್ಟುಗೂಡಿಸಿ 2005ರಲ್ಲಿ ಫಾಡ್‌ಮ್ಯಾಪ್ ಎಂಬ ಹೆಸರು ಕೊಟ್ಟರು. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಡಲೆ, ರಾಜ್ಮಾ, ಹಾಲು, ಸೇಬು, ಮಾವು, ಜೇನು ಇವೆಲ್ಲ ಆ ಪಟ್ಟಿಯಲ್ಲಿವೆ. ದುಬೈಯ ತಟ್ಟೆಯನ್ನು ನೆನಪಿಸಿಕೊಳ್ಳಿ. ಗೋಧಿ ಮೈದಾದ ಕುಬ್ಬೂಸ್, ಕಡಲೆ ಬೆಳ್ಳುಳ್ಳಿಯ ಹಮ್ಮುಸ್, ಈರುಳ್ಳಿಯೇ ಅರ್ಧವಿರುವ ಮೆಸ್ಸಿನ ಗ್ರೇವಿ, ಗಟ್ಟಿ ಹಾಲಿನ ಕರಕ್ ಚಹಾ, ಆಫೀಸಿನ ಮೇಜಿನ ಮೇಲೆ ಸದಾ ಇರುವ ಖರ್ಜೂರ. ಒಂದೊಂದೂ ಕೆಟ್ಟದ್ದಲ್ಲ. ಸೂಕ್ಷ್ಮ ಕರುಳಿಗೆ ಎಲ್ಲ ಒಟ್ಟಿಗೆ ಬಿದ್ದರೆ ತಡೆಯಲಾಗುವುದಿಲ್ಲ. ದಕ್ಷಿಣ ಭಾರತದವರಲ್ಲಿ ದೊಡ್ಡವರಾದ ಮೇಲೆ ಹಾಲಿನ ಸಕ್ಕರೆ ಜೀರ್ಣಿಸುವ ಶಕ್ತಿ ಕಡಿಮೆಯಾಗಿರುವವರೇ ಹೆಚ್ಚು. ಅಂಥವರು ದಿನಕ್ಕೆ ಐದಾರು ಕರಕ್ ಕುಡಿದು ಗ್ಯಾಸಿನ ಮಾತ್ರೆ ನುಂಗುವುದರಲ್ಲಿ ಅರ್ಥವಿಲ್ಲ. ಬ್ರಿಟನ್ನಿನ ಸರಕಾರಿ ಮಾರ್ಗಸೂಚಿ ಐಬಿಎಸ್ ಇರುವವರಿಗೆ ಚಹಾ ಕಾಫಿ ದಿನಕ್ಕೆ 3 ಕಪ್ಪಿಗೆ ನಿಲ್ಲಲಿ ಎನ್ನುತ್ತದೆ.

ಫಾಡ್‌ಮ್ಯಾಪ್ ಪಥ್ಯವನ್ನು ತುಂಬಾ ಜನ ತಪ್ಪಾಗಿ ಮಾಡುತ್ತಾರೆ. ಫೋನಿನಲ್ಲಿ ಪಟ್ಟಿ ನೋಡಿ ಒಂದೊಂದೇ ಬಿಡುತ್ತಾ ಬಿಡುತ್ತಾ ಕೊನೆಗೆ ಅನ್ನ ಮಜ್ಜಿಗೆಗೆ ಬಂದು ನಿಲ್ಲುತ್ತಾರೆ, ತೂಕ ಇಳಿಯುತ್ತದೆ. ಸರಿಯಾದ ಕ್ರಮ ಹೀಗೆ. ಎರಡರಿಂದ ಆರು ವಾರ ಮಾತ್ರ ಪಟ್ಟಿಯಲ್ಲಿರುವುದನ್ನು ಬಿಡಬೇಕು. ಆರಾಮವಾಯಿತೆಂದರೆ ಒಂದೊಂದನ್ನೇ ಸ್ವಲ್ಪ ಸ್ವಲ್ಪವಾಗಿ ಮತ್ತೆ ತಿಂದು ನೋಡಬೇಕು. ಯಾವುದು ಆಗುವುದಿಲ್ಲವೋ ಅದನ್ನಷ್ಟೇ ದೂರವಿಟ್ಟು ಉಳಿದದ್ದನ್ನು ತಿನ್ನಬೇಕು. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಇದೇ ಆಹಾರ ಬೇಕು, ಆದ್ದರಿಂದ ಇದು ಜೀವನಪೂರ್ತಿ ಹಿಡಿಯುವ ಪಥ್ಯವಲ್ಲ. ಆಹಾರತಜ್ಞರ ಸಹಾಯವಿದ್ದರೆ ಒಳ್ಳೆಯದು. ನಮ್ಮ ಅಡುಗೆಯಲ್ಲಿ ದಾರಿಗಳೂ ಇವೆ. ಬೆಳ್ಳುಳ್ಳಿಯ ತೊಂದರೆ ಕೊಡುವ ಅಂಶ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಹಾಗಾಗಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಹುರಿದು ಎಸಳುಗಳನ್ನು ತೆಗೆದು ಎಸೆದರೆ ಘಮ ಉಳಿಯುತ್ತದೆ, ಹೊಟ್ಟೆಗೆ ಕಾಟವಿಲ್ಲ. ಈರುಳ್ಳಿಯ ಬದಲು ಇಂಗಿನ ಒಗ್ಗರಣೆಯ ರೂಢಿ ನಮ್ಮ ಕರಾವಳಿಯ ಮಠದ ಅಡುಗೆಯಲ್ಲಿ ಮೊದಲಿನಿಂದಲೂ ಇದೆ. ಅನ್ನ, ಕುಚ್ಚಲಕ್ಕಿ ಗಂಜಿ, ತಿಳಿಸಾರು, ಮೀನು, ಮೊಟ್ಟೆ ಹೆಚ್ಚಿನವರಿಗೆ ಆಗುತ್ತವೆ. ಮೆಸ್ಸಿನಲ್ಲಿ ಉಣ್ಣುವವರಿಗೆ ಇಷ್ಟೆಲ್ಲ ಆರಿಸುವ ಸ್ವಾತಂತ್ರ್ಯ ಎಲ್ಲಿದೆ? ಅವರು ಕನಿಷ್ಠ ಮೂರು ಕೆಲಸ ಮಾಡಬಹುದು. ರಾತ್ರಿಯ ಗ್ರೇವಿ ಕಡಿಮೆ ಹಾಕಿಸಿಕೊಳ್ಳುವುದು, ಹಾಲಿನ ಚಹಾವನ್ನು ಎರಡಕ್ಕಿಳಿಸಿ ಇನ್ನೊಂದು ಹೊತ್ತಿಗೆ ಹಾಲಿಲ್ಲದ ಸುಲೈಮಾನಿ ಕುಡಿಯುವುದು, ಮತ್ತು ಊಟ ಬಿಟ್ಟು ಆಮೇಲೆ ಒಮ್ಮೆಲೇ ಹೊಟ್ಟೆ ತುಂಬಿಸುವ ರೂಢಿಯನ್ನು ನಿಲ್ಲಿಸುವುದು.

ರಂಜಾನ್ ಉಪವಾಸದ ತಿಂಗಳಿನಲ್ಲಿ ಈ ಕೊನೆಯ ಮಾತಿಗೆ ವಿಶೇಷ ಅರ್ಥವಿದೆ. ಇಡೀ ದಿನ ಖಾಲಿಯಿದ್ದ ಹೊಟ್ಟೆಗೆ ಮಗ್ರಿಬ್ ಆಗುತ್ತಲೇ ಕರಿದ ಸಮೋಸ, ಖರ್ಜೂರ, ಸಿಹಿ ಶರಬತ್ತು ಒಟ್ಟಿಗೆ ಬಿದ್ದರೆ ಸೂಕ್ಷ್ಮ ಕರುಳು ಮುಷ್ಕರ ಹೂಡುತ್ತದೆ. ಸ್ವಲ್ಪ ತಿಂದು, ನಮಾಜು ಮುಗಿಸಿ, ಆಮೇಲೆ ಊಟಕ್ಕೆ ಕೂರುವ ಹಿರಿಯರ ಪದ್ಧತಿಯೇ ಮೇಲು. ಮಾತ್ರೆಗಳ ಹೊತ್ತನ್ನು ಇಫ್ತಾರ್ ಮತ್ತು ಸಹ್ರಿಗೆ ಹೊಂದಿಸಿಕೊಡಿ ಎಂದು ಮೊದಲೇ ಡಾಕ್ಟರನ್ನು ಕೇಳಬೇಕು.

ಈಗ ಔಷಧ. ಎಲ್ಲಕ್ಕಿಂತ ಅಗ್ಗವಾದದ್ದು, ಸಾಕ್ಷ್ಯವೂ ಚೆನ್ನಾಗಿರುವುದು ಇಸಬ್ಗೋಲು. ಕರಗುವ ನಾರಿನ ಆ ಪುಡಿ ಮಲಬದ್ಧತೆ, ಭೇದಿ ಎರಡರಲ್ಲೂ ಮಲವನ್ನು ಹದಕ್ಕೆ ತರುತ್ತದೆ. ಚಿಕ್ಕ ಚಮಚದಿಂದ ಶುರುಮಾಡಿ ನಿಧಾನವಾಗಿ ಏರಿಸಬೇಕು, ನೀರು ಧಾರಾಳ ಕುಡಿಯಬೇಕು. ಗೋಧಿ ಬೂಸಾದಂಥ ಕರಗದ ನಾರು ಮಾತ್ರ ಹಲವರಿಗೆ ಉಬ್ಬರವನ್ನು ಹೆಚ್ಚಿಸುತ್ತದೆ. ಹಿಂಡುವ ನೋವಿಗೆ ಮೆಬೆವರಿನ್, ಹಯೋಸಿನ್, ಪುದೀನಾ ಎಣ್ಣೆಯ ಕ್ಯಾಪ್ಸೂಲು. ಭೇದಿಗೆ ಲೋಪೆರಮೈಡ್, ಅದನ್ನೂ ಹೇಳಿದ ಪ್ರಮಾಣದಲ್ಲಿ ಮಾತ್ರ. ಮಿತಿ ಮೀರಿದರೆ ಅದು ಹೃದಯದ ಬಡಿತ ತಪ್ಪಿಸುತ್ತದೆಂದು ಅಮೆರಿಕದ ಔಷಧ ಇಲಾಖೆ 2016ರಲ್ಲೇ ಎಚ್ಚರಿಸಿದೆ. ಇವುಗಳಿಂದ ಆಗದಿದ್ದರೆ ಅಮಿಟ್ರಿಪ್ಟಿಲಿನ್. ಖಿನ್ನತೆಯ ಮಾತ್ರೆ ಎಂಬ ಹೆಸರು ಕೇಳಿ 'ನನಗೆ ಹುಚ್ಚೆಂದುಕೊಂಡರು' ಎಂದು ಚೀಟಿಯನ್ನು ಹರಿದು ಬಿಸಾಡುವವರಿದ್ದಾರೆ. ಖಿನ್ನತೆಗೆ ಕೊಡುವ ಪ್ರಮಾಣಕ್ಕಿಂತ ಬಹಳ ಕಡಿಮೆ, 10ರಿಂದ 30 ಮಿಲಿಗ್ರಾಂ, ಕರುಳಿನ ನರಗಳ ಸೂಕ್ಷ್ಮತೆಯನ್ನು ತಗ್ಗಿಸಲು ಕೊಡುತ್ತಾರೆ. ಬ್ರಿಟನ್ನಿನಲ್ಲಿ 463 ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದು 6 ತಿಂಗಳಲ್ಲಿ ಹುಸಿಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡಿತು, ಅದೂ ದೊಡ್ಡ ಆಸ್ಪತ್ರೆಯಲ್ಲಲ್ಲ, ಸಾಮಾನ್ಯ ವೈದ್ಯರ ಕ್ಲಿನಿಕ್ಕುಗಳಲ್ಲಿ.

ಕೊಲ್ಲಿಯಲ್ಲಿ ಮಾತ್ರ ಒಂದು ಎಚ್ಚರಿಕೆ ಸೇರಿಸಬೇಕು. ಹಯೋಸಿನ್, ಡೈಸೈಕ್ಲೋಮಿನ್, ಅಮಿಟ್ರಿಪ್ಟಿಲಿನ್ ಈ ಮೂರೂ ಬೆವರನ್ನು ಕಡಿಮೆ ಮಾಡಬಲ್ಲವು. 45 ಡಿಗ್ರಿ ದಾಟುವ ಜುಲೈ ಬಿಸಿಲಿನಲ್ಲಿ ಸೈಟಿನಲ್ಲಿ ನಿಲ್ಲುವವನಿಗೆ ಬೆವರು ನಿಂತರೆ ದೇಹದ ಶಾಖ ಹೊರಗೆ ಹೋಗುವುದಿಲ್ಲ. ಅಮಿಟ್ರಿಪ್ಟಿಲಿನ್ ತೂಕಡಿಕೆಯನ್ನೂ ತರುತ್ತದೆ. ಟ್ಯಾಕ್ಸಿ, ಟ್ರೇಲರ್ ಓಡಿಸುವವರು ತಮ್ಮ ಕೆಲಸ ಯಾವುದೆಂದು ಡಾಕ್ಟರಿಗೆ ತಾವಾಗಿಯೇ ಹೇಳಬೇಕು. ಅವರು ಕೇಳುತ್ತಾರೆಂದು ಕಾಯಬೇಡಿ.

ಇನ್ನೊಂದು ಮಾತು ಕಾನೂನಿನದು. ಊರಿನ ಡಾಕ್ಟರು ಐಬಿಎಸ್‌ಗೆ ಬರೆದುಕೊಡುವ ಬಹಳ ಪರಿಚಿತ ಮಾತ್ರೆಗಳಲ್ಲಿ ಕ್ಲೋರ್‌ಡಯಜೆಪಾಕ್ಸೈಡ್ ಎಂಬ ನೆಮ್ಮದಿ ತರಿಸುವ ಔಷಧ ಬೆರೆತಿರುತ್ತದೆ. ಭೇದಿ ನಿಲ್ಲಿಸುವ ಕೆಲವು ಮಾತ್ರೆಗಳಲ್ಲಿ ಡೈಫೆನಾಕ್ಸಿಲೇಟ್ ಇರುತ್ತದೆ. ಯುಎಇಯಲ್ಲಿ ಇವೆರಡೂ ನಿಯಂತ್ರಿತ ಔಷಧಗಳು. ಡಾಕ್ಟರ ಚೀಟಿ ಮತ್ತು ಸರಕಾರದ ಆನ್‌ಲೈನ್ ಮುಂಗಡ ಅನುಮತಿ ಇಲ್ಲದೆ ಪೆಟ್ಟಿಗೆಯಲ್ಲಿಟ್ಟುಕೊಂಡು ಬಂದರೆ ವಿಮಾನ ನಿಲ್ದಾಣದಲ್ಲಿಯೇ ತೊಂದರೆ. ಗೆಳೆಯನಿಗೆಂದು ಅವನ ಮನೆಯವರು ಕೊಟ್ಟ ಮಾತ್ರೆಯ ಪೊಟ್ಟಣ ತರುವವರಂತೂ ಎರಡು ಸಲ ಯೋಚಿಸಬೇಕು. ಹಾಗೆಯೇ ಗಸಗಸೆ. ಭೇದಿ ನಿಲ್ಲಲು, ಒಳ್ಳೆಯ ನಿದ್ದೆ ಬರಲು ನಮ್ಮ ಮನೆಗಳಲ್ಲಿ ಗಸಗಸೆ ಪಾಯಸ ಮಾಡುತ್ತಾರೆ. ಈ ದೇಶಕ್ಕೆ ಗಸಗಸೆ ತರುವುದು ನಿಷಿದ್ಧ. ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟ ಪೊಟ್ಟಣವೆಂಬುದನ್ನು ಕಸ್ಟಮ್ಸ್‌ನವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮಾತ್ರೆಯಿಲ್ಲದ ಚಿಕಿತ್ಸೆಗಳನ್ನು ನಾವು ಹಗುರವಾಗಿ ನೋಡುತ್ತೇವೆ. ಮ್ಯಾಂಚೆಸ್ಟರಿನ ಪೀಟರ್ ವೋರ್ವೆಲ್ ಯಾವ ಔಷಧಕ್ಕೂ ಬಗ್ಗದ 30 ರೋಗಿಗಳ ಮೇಲೆ ಕರುಳನ್ನು ಗುರಿಯಾಗಿಟ್ಟ ಸಂಮೋಹನ ಚಿಕಿತ್ಸೆ ಪ್ರಯೋಗಿಸಿ 1984ರಲ್ಲಿ ಫಲಿತಾಂಶ ಪ್ರಕಟಿಸಿದಾಗ ವೈದ್ಯಲೋಕವೇ ಬೆರಗಾಯಿತು. ಆಲೋಚನೆಯ ರೀತಿಯನ್ನು ತಿದ್ದುವ ಆಪ್ತಸಮಾಲೋಚನೆಯನ್ನು ಫೋನಿನಲ್ಲಿ ಕೊಟ್ಟರೂ ಗುಣ ಕಾಣುತ್ತದೆಂದು ಆಮೇಲೆ ಬ್ರಿಟನ್ನಿನಲ್ಲೇ ಸಾಬೀತಾಗಿದೆ. ದೆಹಲಿಯ ಏಮ್ಸ್‌ನವರು 2004ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಅಧ್ಯಯನದಲ್ಲಿ ಭೇದಿ ಬಗೆಯ ಐಬಿಎಸ್‌ಗೆ ಎರಡು ತಿಂಗಳ ಯೋಗಾಭ್ಯಾಸ ಮಾತ್ರೆಯಷ್ಟೇ ಉಪಯೋಗಕ್ಕೆ ಬಂದಿತ್ತು. ಸಂಜೆ ಕಾರ್ನಿಷ್‌ನಲ್ಲಿ ಅಥವಾ ಜಬೀಲ್ ಪಾರ್ಕಿನಲ್ಲಿ ಅರ್ಧ ಗಂಟೆ ಬೀಸು ನಡಿಗೆ, ಬೇಸಿಗೆಯಲ್ಲಾದರೆ ಮಾಲ್‌ಗಳ ಒಳಗೆ. ಇದಕ್ಕೆ ಚೀಟಿ ಬೇಡ.

ಯಾವಾಗ ಇದು ಐಬಿಎಸ್ ಅಲ್ಲ ಎಂದು ಗಾಬರಿಯಾಗಬೇಕು? ಮಲದಲ್ಲಿ ರಕ್ತ, ಪ್ರಯತ್ನಿಸದೆ ಇಳಿಯುವ ತೂಕ, ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ ಅಥವಾ ನೋವು, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿರುವುದು, ಐವತ್ತರ ಹೊತ್ತಿಗೆ ಹೊಸದಾಗಿ ಶುರುವಾದ ತೊಂದರೆ, ಇವುಗಳಲ್ಲಿ ಒಂದಿದ್ದರೂ ಕಾಯಬಾರದು. ನಮ್ಮ ಕಡೆಯವರಲ್ಲಿ ಕರುಳಿನ ಕ್ಷಯವನ್ನೂ ಮರೆಯುವಂತಿಲ್ಲ. ಐವತ್ತು ದಾಟಿದ ಹೆಂಗಸರಿಗೆ ಹೊಸದಾಗಿ ಹೊಟ್ಟೆ ಉಬ್ಬರ ಶುರುವಾದರೆ ಅಂಡಾಶಯವನ್ನು ಪರೀಕ್ಷಿಸಲೇಬೇಕು. ಅಬುಧಾಬಿಯ ಆರೋಗ್ಯ ಇಲಾಖೆ 40 ದಾಟಿದ ಎಲ್ಲರಿಗೂ ಕರುಳಿನ ಕ್ಯಾನ್ಸರ್ ತಪಾಸಣೆಯ ಸಲಹೆ ಕೊಡುತ್ತದೆ. ಆ ವಯಸ್ಸಿನವರು ಹೊಟ್ಟೆನೋವಿರಲಿ ಬಿಡಲಿ, ಅದನ್ನು ಮಾಡಿಸಿಕೊಳ್ಳಬೇಕು.

ಇಂಥ ಯಾವ ಸೂಚನೆಯೂ ಇಲ್ಲದ ಇಪ್ಪತ್ತೆಂಟರ ಹುಡುಗನಿಗೆ ಮಾತ್ರ ಸಾಲುಸಾಲು ಸ್ಕ್ಯಾನ್ ಬೇಕಿಲ್ಲ. ರಕ್ತದ ಕೆಲವು ಪರೀಕ್ಷೆ, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯ ಪರೀಕ್ಷೆ, ಕರುಳಿನ ಊತವನ್ನು ತೋರಿಸುವ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಮಲಪರೀಕ್ಷೆ, ಇಷ್ಟರಲ್ಲಿ ಹೆಚ್ಚಿನವರ ವಿಷಯ ತೀರ್ಮಾನವಾಗುತ್ತದೆ. ಅತಿಯಾದ ಹುಡುಕಾಟಕ್ಕೂ ಬೆಲೆ ತೆರಬೇಕಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಸುಮಾರು 89 ಸಾವಿರ ಜನರ ದಾಖಲೆ ನೋಡಿದ 2004ರ ಅಧ್ಯಯನದ ಪ್ರಕಾರ ಐಬಿಎಸ್ ಇರುವವರ ಪಿತ್ತಕೋಶ ತೆಗೆದುಹಾಕಿದ ಪ್ರಮಾಣ ಇಲ್ಲದವರ ಮೂರರಷ್ಟಿತ್ತು, ಅಪೆಂಡಿಕ್ಸ್ ಮತ್ತು ಗರ್ಭಕೋಶದ್ದು ಎರಡರಷ್ಟಿತ್ತು. ಹೊಟ್ಟೆನೋವಿನ ಮೂಲ ಅಲ್ಲಿಲ್ಲದಿದ್ದರೂ ಅಂಗ ಹೋಗಿರುತ್ತದೆ.

ಅಬುಧಾಬಿಯಲ್ಲಿ ಆರೋಗ್ಯ ವಿಮೆ ಕಡ್ಡಾಯವಾದದ್ದು 2005ರ ಕಾನೂನಿನಿಂದ, ದುಬೈಯಲ್ಲಿ 2013ರ ಕಾನೂನಿನಿಂದ, ಉಳಿದ ಎಮಿರೇಟುಗಳಲ್ಲಿ 2025ರ ಜನವರಿಯಿಂದ. ದುಬೈಯಲ್ಲಿ ತಿಂಗಳಿಗೆ 4,000 ದಿರ್ಹಮ್ ಮೀರದ ಸಂಬಳದವರಿಗಿರುವ ಮೂಲ ವಿಮೆಯಲ್ಲಿ ವರ್ಷಕ್ಕೆ 1,50,000 ದಿರ್ಹಮ್‌ವರೆಗೆ ಖರ್ಚು ಸಿಗುತ್ತದೆ, ಮೊದಲು ಸಾಮಾನ್ಯ ವೈದ್ಯರ ಬಳಿ ಹೋಗಬೇಕು. ಹಲವರು ಇದನ್ನು ಅಡ್ಡಿಯೆಂದುಕೊಳ್ಳುತ್ತಾರೆ. ಐಬಿಎಸ್‌ನ ಮಟ್ಟಿಗೆ ಅದು ಅಡ್ಡಿಯಲ್ಲ, ಸರಿಯಾದ ದಾರಿಯೇ. ಈ ಕಾಯಿಲೆಗೆ ಬೇಕಾದದ್ದು ನಿಮ್ಮ ಕೆಲಸ, ರೂಮು, ಊಟ ಎಲ್ಲವನ್ನೂ ಬಲ್ಲ ಒಬ್ಬ ಡಾಕ್ಟರು. ಪ್ರತಿ ಸಲ ಬೇರೆ ಕ್ಲಿನಿಕ್ಕಿಗೆ ಹೋಗಿ ಹೊಸದಾಗಿ ಶುರುಮಾಡುವುದು ಬಿಡಿ. ಎರಡು ವಾರ ಏನು ತಿಂದಿರಿ, ಯಾವ ಪಾಳಿ, ಯಾವಾಗ ನೋವು, ಮಲ ಯಾವ ನಂಬರಿನದು ಎಂದು ಫೋನಿನಲ್ಲಿ ಬರೆದಿಟ್ಟು ಅವರಿಗೆ ತೋರಿಸಿ. ಊರಿನ ಹಳೆಯ ರಿಪೋರ್ಟುಗಳನ್ನೂ ಕೊಂಡೊಯ್ಯಿರಿ, ಮಾಡಿದ ಪರೀಕ್ಷೆಯನ್ನೇ ಮತ್ತೆ ಮಾಡಿಸುವುದು ತಪ್ಪುತ್ತದೆ.

ಕೊನೆಯದಾಗಿ ಯುಎಇಯ ನಮ್ಮ ಕನ್ನಡ, ತುಳು, ಬ್ಯಾರಿ, ಕೊಂಕಣಿ ಸಂಘ ಸಂಸ್ಥೆಗಳವರಲ್ಲಿ ಒಂದು ಕೋರಿಕೆ. ನೀವು ರಕ್ತದಾನ ಶಿಬಿರ ಮಾಡುತ್ತೀರಿ, ಬಿಪಿ ಶುಗರ್ ತಪಾಸಣೆ ಮಾಡುತ್ತೀರಿ, ಅದಕ್ಕಾಗಿ ಎಷ್ಟು ಹೊಗಳಿದರೂ ಕಡಿಮೆ. ಮುಂದಿನ ಶಿಬಿರದಲ್ಲಿ ಹೊಟ್ಟೆಯ ತೊಂದರೆಗೂ ಒಂದು ಮೇಜು ಹಾಕಿ. ಕನ್ನಡದಲ್ಲೋ ತುಳುವಿನಲ್ಲೋ ಮಾತಾಡುವ ಒಬ್ಬ ವೈದ್ಯರನ್ನು, ಒಬ್ಬ ಆಹಾರತಜ್ಞರನ್ನು ಅಲ್ಲಿ ಕೂರಿಸಿ, ಪರದೆ ಕಟ್ಟಿ, ಒಬ್ಬೊಬ್ಬರಿಗೂ ಹದಿನೈದು ನಿಮಿಷ ಕೊಡಿ. ಅಪಾಯದ ಸೂಚನೆ ಇದ್ದವರನ್ನು ಅಲ್ಲಿಂದಲೇ ಆಸ್ಪತ್ರೆಗೆ ಕಳಿಸಿ. ಇಲ್ಲದವರಿಗೆ ಅವರ ಕಾಯಿಲೆಯ ಹೆಸರನ್ನು ಅವರ ಭಾಷೆಯಲ್ಲೇ ಹೇಳಿ.